ಬೇಡವೆಂದರೂ ಬಂದ ಯಜಮಾನಿಕೆ: ಆ ಟೆನ್ಶನ್ ಎಲ್ಲಿಂದ ಹುಟ್ಟುತ್ತದೆ, ಹೇಗೆ ಇಳಿಯುತ್ತದೆ?

ಕಲಬುರಗಿಯ ಜೋಳದ ರೊಟ್ಟಿ ಈಗ ಪ್ಯಾಕೆಟ್ಟಿನಲ್ಲಿ ಕೂತು ಬೆಂಗಳೂರು ಸೇರುತ್ತಿದೆ. ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ಬಡಿದ ರೊಟ್ಟಿ ಜಿಲ್ಲಾಡಳಿತದ ಬೆಂಬಲದಿಂದ ‘ಕಲಬುರಗಿ ರೊಟ್ಟಿ’ ಅನ್ನೋ ಬ್ರ್ಯಾಂಡೇ ಆಗಿದೆ. 2025ರಲ್ಲಿ ಪ್ರಧಾನಿಯವರ ತಿಂಗಳ ರೇಡಿಯೋ ಮಾತಿನಲ್ಲೂ ಅದರ ಪ್ರಸ್ತಾಪ ಬಂತು. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ ಗುರುತು, ಅಂದರೆ ಈ ಪ್ರದೇಶದ್ದೇ ವಿಶೇಷ ಮಾಲು ಅನ್ನೋ ಕಾನೂನಿನ ಮಾನ್ಯತೆ, ಸಿಕ್ಕಿದೆ. ಬೀದರಿನ ಬಿದರಿ ಸಾಮಾನಿಗೆ ಅದಕ್ಕೂ ಮೊದಲೇ ಸಿಕ್ಕಿತ್ತು. ಆರ್ಡರ್ ಬರುತ್ತಿವೆ, ಕೆಲಸಕ್ಕೆ ಜನ ಸೇರುತ್ತಿದ್ದಾರೆ. ಒಳ್ಳೆಯ ಸುದ್ದಿ, ಅಲ್ವಾ?

ಇದರ ಹಿಂದೆ ಒಂದು ಸಂಕಟವೂ ಇದೆ. ಇಂಥ ಎಷ್ಟೋ ಕಡೆ ಮುಂದೆ ನಿಂತು ನಡೆಸುವವರು ಆ ಜಾಗ ಬಯಸಿ ಬಂದವರಲ್ಲ. ರೊಟ್ಟಿ ತೆಳ್ಳಗೆ ಬಡಿಯುತ್ತಾಳೆ ಅಂತ ಹೆಸರಾದವಳಿಗೆ ಹನ್ನೆರಡು ಜನರನ್ನು ನೋಡಿಕೊಳ್ಳುವ ಕೆಲಸ ಬಂದು ಬೀಳುತ್ತದೆ. “ನಿಮಗ ನಾಲ್ಕ್ ಅಕ್ಷರ ಬರ್ತಾವ, ನೀವೇ ಮುಂದ ನಿಂದರ್ರಿ ಅಕ್ಕಾ” ಅಂತ ಸಂಘದವರು ಅಂದರೆ ಇಲ್ಲ ಅನ್ನುವುದು ಸುಲಭವಲ್ಲ. ಅಪ್ಪನಿಗೆ ಹುಷಾರಿಲ್ಲ ಅಂತ ಊರಿಗೆ ಬಂದ ಮಗ ದಾಲ್ ಮಿಲ್ಲಿನ ಗಾದಿಯಲ್ಲಿ ಕೂರುತ್ತಾನೆ, ಮತ್ತೆ ಏಳುವುದೇ ಇಲ್ಲ. ವ್ಯವಹಾರ ಬೆಳೆದಷ್ಟೂ ಇವರ ನಿದ್ದೆ ಕಡಿಮೆಯಾಗುತ್ತದೆ. ಯಾಕೆ ಹೀಗೆ? ಬುಡದಿಂದ ನೋಡೋಣ.

ಮೈಯೊಳಗೆ ನಡೆಯುವುದೇನು?

ನಾವು ಟೆನ್ಶನ್ ಅನ್ನುವುದು ಮನಸ್ಸಿನ ವಿಷಯ ಅನಿಸುತ್ತದೆ. ಆದರೆ ಅದರ ಅರ್ಧ ಭಾಗ ಮೈಯದ್ದು. ಅಪಾಯ ಕಂಡ ಕೂಡಲೇ ಮೆದುಳು ಸೂಚನೆ ಕೊಡುತ್ತದೆ. ಮೂತ್ರಪಿಂಡಗಳ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಂದ ಮೊದಲು ಅಡ್ರಿನಲಿನ್ ಬರುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಉಸಿರು ಜೋರಾಗುತ್ತದೆ, ಕೈಕಾಲಿಗೆ ರಕ್ತ ನುಗ್ಗುತ್ತದೆ. ಸ್ವಲ್ಪ ಹೊತ್ತಿಗೆ ಕಾರ್ಟಿಸಾಲ್ ಅನ್ನೋ ಇನ್ನೊಂದು ಹಾರ್ಮೋನು ಏರುತ್ತದೆ. ಅದು ರಕ್ತದಲ್ಲಿ ಸಕ್ಕರೆಯನ್ನು ಸಿದ್ಧವಾಗಿಡುತ್ತದೆ. ಊಟ ಅರಗುವಂಥ ಕೆಲಸಗಳು ಅಷ್ಟು ಹೊತ್ತು ಹಿಂದೆ ಸರಿಯುತ್ತವೆ.

ಈ ಏರ್ಪಾಡು ಇರುವುದು ಸ್ವಲ್ಪ ಹೊತ್ತಿಗೆ ಮಾತ್ರ. ನಾಯಿ ಅಟ್ಟಿಸಿಕೊಂಡು ಬಂದರೆ ಓಡುತ್ತೇವೆ, ಅದು ಹಿಂತಿರುಗಿದರೆ ಮೈ ತಣ್ಣಗಾಗುತ್ತದೆ. ಹಂಗೇರಿ ಮೂಲದ ವಿಜ್ಞಾನಿ ಹಾನ್ಸ್ ಸೆಲ್ಯೆ 1936ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳನ್ನು ಪ್ರಕಟಿಸಿದರು. ಚಳಿ, ಗಾಯ, ಔಷಧಿ, ಹೀಗೆ ಬೇರೆ ಬೇರೆ ಥರದ ಹಿಂಸೆಗೆ ಇಲಿಗಳ ಮೈ ಒಂದೇ ಥರ ಸ್ಪಂದಿಸಿತ್ತು. ಮೊದಲು ಗಾಬರಿ, ಆಮೇಲೆ ತಡೆದುಕೊಳ್ಳುವ ಹಂತ, ಹಿಂಸೆ ನಿಲ್ಲದಿದ್ದರೆ ಕೊನೆಗೆ ಸುಸ್ತು ಬೀಳುವ ಹಂತ.

ಹೊಲದ ಪಂಪ್‌ಸೆಟ್ ಮೋಟರನ್ನು ನೆನೆಸಿಕೊಳ್ಳಿ. ನೀರೆತ್ತುವಾಗ ಅದು ಬಿಸಿಯಾಗಲೇಬೇಕು. ನಡುವೆ ಆರಲು ಬಿಟ್ಟರೆ ವರ್ಷಗಟ್ಟಲೆ ಬಾಳುತ್ತದೆ. ಬಿಡದೆ ಓಡಿಸಿದರೆ ಒಳಗಿನ ಸುತ್ತು ಸುಡುತ್ತದೆ. ಒಂದು ಮದುವೆ ಆರ್ಡರಿನ ಓಡಾಟ ಯಾರನ್ನೂ ಕೆಡಿಸುವುದಿಲ್ಲ. ಎಳ್ಳಮಾವಾಸ್ಯೆಗೆ ಹತ್ತಿದ ಟೆನ್ಶನ್ ಯುಗಾದಿ ಬಂದರೂ ಇಳಿಯದಿದ್ದರೆ ಅದು ಬೇರೆ ಮಾತು.

ಜನ ಮೂರು ಪಟ್ಟು, ತಕರಾರು ಹನ್ನೊಂದು ಪಟ್ಟು

ವ್ಯವಹಾರ ದೊಡ್ಡದಾದರೆ ಟೆನ್ಶನ್ ಅದೇ ಅಳತೆಯಲ್ಲಿ ಏರುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ನಾಲ್ಕು ಜನ ಕೆಲಸ ಮಾಡುವಲ್ಲಿ ಇಬ್ಬಿಬ್ಬರ ಜೋಡಿ ಎಷ್ಟು? ಆರು. ಹನ್ನೆರಡು ಜನರಾದರೆ? ಅರವತ್ತಾರು. ಜನ ಮೂರು ಪಟ್ಟಾದರೆ ಅವರ ನಡುವಿನ ಸಂಬಂಧ ಹನ್ನೊಂದು ಪಟ್ಟಾಯಿತು. ಯಾರು ಯಾರ ಪಕ್ಕ ಕೂರಲು ಒಲ್ಲರು, ಯಾರ ಮಾತು ಯಾರ ಕಿವಿಗೆ ತಪ್ಪಾಗಿ ಬಿತ್ತು, ಇದೆಲ್ಲ ಆ ಅರವತ್ತಾರರಲ್ಲಿ ಯಾವುದೋ ಒಂದರಿಂದ ಹುಟ್ಟಿ ಯಜಮಾನಿಯ ಹತ್ತಿರ ಬರುತ್ತದೆ. ನಾಲ್ಕು ಜನರಿದ್ದಾಗ ಚಹಾ ಕುಡಿಯುತ್ತಾ ಮಾತಾಡಿದರೆ ಸಾಕಾಗುತ್ತಿತ್ತು. ಈಗ ಸಾಕಾಗುವುದಿಲ್ಲ. ತನ್ನ ಕೈಲಾಗುತ್ತಿಲ್ಲ ಅಂತ ಆಕೆ ಕೊರಗುತ್ತಾಳೆ. ಲೆಕ್ಕ ನೋಡಿದರೆ ಯಾರ ಕೈಲೂ ಆಗುವಂಥದ್ದಲ್ಲ.

ಕಾಗದಪತ್ರವೂ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕೆಲಸದವರು ಹತ್ತು ಜನರಾದರೆ ಅವರ ಆರೋಗ್ಯ ವಿಮೆಯ ಇಎಸ್‌ಐ, ಇಪ್ಪತ್ತಾದರೆ ಪಿಎಫ್. ವಹಿವಾಟು ಮಿತಿ ದಾಟಿದರೆ ಜಿಎಸ್‌ಟಿ. ಇದರ ಜೊತೆ ಉದ್ರಿ. ಓಣಿಯ ಗಿರಾಕಿ ಕೈಯಲ್ಲಿ ರೊಕ್ಕ ಕೊಟ್ಟು ರೊಟ್ಟಿ ಒಯ್ಯುತ್ತಿದ್ದ. ದೊಡ್ಡ ಅಂಗಡಿ ತಿಂಗಳ ಮೇಲೆ ಕೊಡುತ್ತದೆ, ಕೂಲಿ ಮಾತ್ರ ಶನಿವಾರಕ್ಕೆ ಕೊಡಲೇಬೇಕು.

ಇನ್ನೊಂದು ಬದಲಾವಣೆ ಹೊರಗೆ ಕಾಣುವುದಿಲ್ಲ. ಕೆಲಸದ ಸ್ವಭಾವವೇ ಬೇರೆಯಾಗಿರುತ್ತದೆ. ಸತುವು, ತಾಮ್ರ ಬೆರೆಸಿ ಎರಕ ಹೊಯ್ದ ಬಿದರಿ ಸಾಮಾನಿನ ಮೇಲೆ ಬೆಳ್ಳಿ ಎಳೆ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಮಾಡಿ ಉಜ್ಜಿದಾಗ ಉಸ್ತಾದನಿಗೆ ಕೆಲಸ ಮುಗಿದದ್ದು ಕಣ್ಣಿಗೆ ಕಾಣುತ್ತದೆ. ಅದೇ ಉಸ್ತಾದ ಇಡೀ ದಿನ ಫೋನಿನಲ್ಲಿ ರೇಟು ಮಾತಾಡಿ, ಇಬ್ಬರ ಜಗಳ ಬಿಡಿಸಿ, ಕೊರಿಯರ್ ಕಾಯುತ್ತಾ ಕಳೆದರೆ ಸಂಜೆಗೆ ಕೈ ಖಾಲಿ. ದುಡಿದ ಸುಸ್ತು ಇದೆ, ದುಡಿದ ಸಮಾಧಾನ ಇಲ್ಲ. ಕೈಕೆಲಸದಿಂದ ಮೇಲೆ ಬಂದವರಿಗೆ ಇದು ಉಳಿದೆಲ್ಲಕ್ಕಿಂತ ಜಾಸ್ತಿ ಕಾಡುತ್ತದೆ ಅಂತ ನನಗೆ ಅನಿಸುತ್ತದೆ.

ಹೊರೆಗಿಂತ ಹಿಡಿತ ದೊಡ್ಡದು

ಈಗ ಮುಖ್ಯ ಪ್ರಶ್ನೆ. ಮುಂದಾಳುಗಳಿಗೆಲ್ಲ ಟೆನ್ಶನ್ ಇದ್ದೇ ಇರುತ್ತದೆ ಅನ್ನುವುದು ನಿಜವೇ? ಸಂಶೋಧನೆಗಳು ಬೇರೆಯದನ್ನೇ ಹೇಳುತ್ತವೆ.

ಬ್ರಿಟನ್ನಿನ ಸರಕಾರಿ ನೌಕರರ ಆರೋಗ್ಯದ ಮೇಲೆ 1967ರಿಂದ ದೊಡ್ಡ ಅಧ್ಯಯನ ನಡೆಯಿತು. ಲಂಡನ್ನಿನ ಸರಕಾರಿ ಕಚೇರಿಗಳಿರುವ ಬೀದಿಯ ಹೆಸರಿನಿಂದ ಅದಕ್ಕೆ ವೈಟ್‌ಹಾಲ್ ಅಧ್ಯಯನ ಅನ್ನುತ್ತಾರೆ. ಹೃದಯದ ಕಾಯಿಲೆಯಿಂದ ಜಾಸ್ತಿ ಸತ್ತವರು ಮೇಲಿನ ಸಾಹೇಬರಲ್ಲ, ಕೆಳಗಿನ ದರ್ಜೆಯವರು. ಬೀಡಿ ಸಿಗರೇಟಿನಂಥ ಕಾರಣಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಆ ಅಂತರ ಪೂರ್ತಿ ಹೋಗಲಿಲ್ಲ. 1985ರಲ್ಲಿ ಶುರುವಾದ ಎರಡನೇ ಸುತ್ತಿನಲ್ಲಿ ಒಂದು ಕಾರಣ ಎದ್ದು ಕಂಡಿತು. ತನ್ನ ಕೆಲಸದ ಮೇಲೆ ತನಗೇ ಹಿಡಿತ ಇಲ್ಲದಿರುವುದು.

ಅಮೆರಿಕದ ರಾಬರ್ಟ್ ಕರಾಸೆಕ್ 1979ರಲ್ಲಿ ಇದನ್ನೇ ಒಂದು ಮಾದರಿಯಾಗಿ ಹೇಳಿದ್ದರು. ಕೆಲಸದ ಹೊರೆ ಜಾಸ್ತಿ, ಹಿಡಿತವೂ ಜಾಸ್ತಿ ಇದ್ದರೆ ಮನುಷ್ಯ ಕಲಿಯುತ್ತಾನೆ, ಚುರುಕಾಗುತ್ತಾನೆ. ಹೊರೆ ಜಾಸ್ತಿ, ಹಿಡಿತ ಕಡಿಮೆ ಇದ್ದರೆ ಸೋಲುತ್ತಾನೆ. 2012ರಲ್ಲಿ ಅಮೆರಿಕದಲ್ಲೇ ಸೈನ್ಯ ಮತ್ತು ಸರಕಾರದ ಅಧಿಕಾರಿಗಳ ಮೇಲೆ ನಡೆದ ಅಧ್ಯಯನದಲ್ಲಿ ಮುಂದಾಳುಗಳ ಕಾರ್ಟಿಸಾಲ್ ಮಟ್ಟ ಉಳಿದವರಿಗಿಂತ ಕಡಿಮೆಯೇ ಇತ್ತು. ಅದಕ್ಕೂ ‘ನನಗೆ ಹಿಡಿತ ಇದೆ’ ಅನ್ನೋ ಭಾವನೆಗೂ ಸಂಬಂಧ ಇತ್ತು. ಇದರಲ್ಲಿ ಒಂದು ಎಚ್ಚರಿಕೆ ಬೇಕು. ಸಮಾಧಾನದ ಸ್ವಭಾವದವರೇ ಮೇಲೆ ಏರಿರಬಹುದು, ಏರಿದ್ದರಿಂದ ಸಮಾಧಾನ ಬಂದಿರಲಿಕ್ಕಿಲ್ಲ.

ಆದರೂ ನಮ್ಮ ರೊಟ್ಟಿ ಕೇಂದ್ರದ ಅಕ್ಕನ ಕಥೆ ಇಲ್ಲಿ ಸ್ಪಷ್ಟವಾಗುತ್ತದೆ. ಆಕೆಗೆ ಯಜಮಾನಿಯ ಜಾಗ ಸಿಕ್ಕಿದೆ, ಯಜಮಾನಿಯ ಹಿಡಿತ ಸಿಕ್ಕಿಲ್ಲ. ತಪ್ಪಾದರೆ ಆಕೆಯನ್ನೇ ಕೇಳುತ್ತಾರೆ. ಆದರೆ ಯಾವುದನ್ನು ತಾನೇ ನಿರ್ಧರಿಸಬಹುದು, ಯಾವುದನ್ನು ಸಂಘದ ಸಭೆಗೆ ತರಬೇಕು ಅಂತ ಯಾರೂ ಬರೆದುಕೊಟ್ಟಿಲ್ಲ. ಮಿಲ್ಲಿನ ಮಗನದ್ದೂ ಇದೇ ಪಾಡು. ಸಹಿ ಅವನದ್ದು, ಗಂಜಿನ (ಕಾಳಿನ ಸಗಟು ಮಾರುಕಟ್ಟೆಯ) ಅಡತಿ, ಅಂದರೆ ದಲ್ಲಾಳಿ, ಮಾತ್ರ ಇವತ್ತಿಗೂ ಅಪ್ಪನಿಗೇ ಫೋನ್ ಮಾಡುತ್ತಾನೆ.

ಒಲ್ಲದ ಮನಸ್ಸಿಗೆ ಇನ್ನೊಂದು ಭಾರ

ಒಬ್ಬನೇ ಮನುಷ್ಯನಿಂದ ಎರಡು ಕಡೆಯವರು ಎರಡು ಥರದ್ದನ್ನು ಬಯಸಿದಾಗ ಹುಟ್ಟುವ ಎಳೆದಾಟಕ್ಕೆ ‘ಪಾತ್ರದ ತಿಕ್ಕಾಟ’ ಅನ್ನುತ್ತಾರೆ. 1964ರಲ್ಲಿ ರಾಬರ್ಟ್ ಕಾನ್ ಮತ್ತು ಸಂಗಡಿಗರು ಕೆಲಸದ ಜಾಗದ ಒತ್ತಡದ ಬಗ್ಗೆ ಬರೆಯುವಾಗ ಇದನ್ನೂ, ‘ನನ್ನ ಕೆಲಸ ಇಂಥದ್ದು’ ಅಂತ ಗೊತ್ತಿಲ್ಲದ ಸ್ಥಿತಿಯನ್ನೂ ಮುಖ್ಯ ಕಾರಣಗಳಾಗಿ ಎಣಿಸಿದರು.

ನಮ್ಮ ಕಡೆ ಇದು ಇನ್ನೂ ಬಿಗಿಯಾಗಿರುತ್ತದೆ, ಯಾಕೆಂದರೆ ಕೆಲಸದವರು ಬರೀ ಕೆಲಸದವರಲ್ಲ. ಒಬ್ಬಾಕೆ ನೆಗೆಣ್ಣಿ, ಒಬ್ಬಾಕೆ ಅತ್ತೆಯ ಓರಗೆಯ ಹಿರಿಯಳು, ಇನ್ನೊಬ್ಬಾಕೆ ಹೆರಿಗೆಯಲ್ಲಿ ಹದಿನೈದು ದಿನ ಬಂದು ಅಡುಗೆ ಮಾಡಿಕೊಟ್ಟವಳು. ರೊಟ್ಟಿ ದಪ್ಪ ಆಗಿದೆ ಅಂತ ಆ ಹಿರಿಯಳಿಗೆ ಹೇಗೆ ಹೇಳುವುದು? ಹೇಳಿದರೆ “ಈಗ ದೊಡ್ಡ ಸಾವ್ಕಾರ್ತಿ ಆಗ್ಯಾಳ” ಅನ್ನೋ ಮಾತು ಸಂಜೆಯೊಳಗೆ ಓಣಿ ಸುತ್ತುತ್ತದೆ. ಹೇಳದಿದ್ದರೆ ಗಿರಾಕಿ ಬೈಯುತ್ತಾನೆ. ಆಗ ಆಕೆ ಮೂರನೆಯ ದಾರಿ ಹಿಡಿಯುತ್ತಾಳೆ. ಯಾರಿಗೂ ಹೇಳದೆ ಆ ರೊಟ್ಟಿಗಳನ್ನು ಪಕ್ಕಕ್ಕಿಟ್ಟು ರಾತ್ರಿ ತಾನೇ ಕೂತು ಮತ್ತೆ ಬಡಿಯುತ್ತಾಳೆ.

ಒಲ್ಲದ ಮುಂದಾಳುಗಳಲ್ಲಿ ಈ ಚಾಳಿ ತುಂಬ ಸಾಮಾನ್ಯ. ಇನ್ನೊಬ್ಬರಿಗೆ ಹೇಳುವ ಮುಜುಗರಕ್ಕಿಂತ ತಾನೇ ಮಾಡುವ ಕಷ್ಟ ಸಲೀಸು ಅನಿಸುತ್ತದೆ. ಒಳ್ಳೆಯತನದ ಹಾಗೆ ಕಾಣುವುದರಿಂದ ಯಾರೂ ತಡೆಯುವುದೂ ಇಲ್ಲ. ಹೆಣ್ಣುಮಕ್ಕಳಿಗೆ ಇದರ ಮೇಲೆ ಮನೆಗೆಲಸ ಬೇರೆ ಕಾದಿರುತ್ತದೆ.

ಇದಕ್ಕೆ ದಾರಿ, ಮಾತನ್ನು ಮನುಷ್ಯರ ಮೇಲಿಂದ ತೆಗೆದು ಅಳತೆಯ ಮೇಲೆ ಇಡುವುದು. ರೊಟ್ಟಿ ಇಷ್ಟು ಅಗಲ, ಪ್ಯಾಕೆಟ್ಟಿಗೆ ಇಷ್ಟು ತೂಕ ಅಂತ ಎಲ್ಲರೂ ಕೂತು ಮೊದಲೇ ಒಪ್ಪಿಕೊಂಡು ಗೋಡೆಗೆ ಹಚ್ಚಬಹುದು. ತಕ್ಕಡಿ ಎಲ್ಲರ ಎದುರಿಗೆ ಇರಲಿ. ಆಗ “ನಿಮ್ಮ ರೊಟ್ಟಿ ಸರಿ ಇಲ್ಲ” ಅನ್ನಬೇಕಾಗಿಲ್ಲ. “ಅತ್ತಿ, ತಕ್ಕಡಿ ಜಾಸ್ತಿ ತೋರ್ಸಾಕತ್ಯಾದ ನೋಡ್ರಿ” ಅಂದರೆ ಸಾಕು. ಹಿರಿತನವೂ ಉಳಿಯುತ್ತದೆ, ತೂಕವೂ ಉಳಿಯುತ್ತದೆ.

“ಅಕ್ಕಾ, ಏನ್ ಮಾಡ್ಲಿ?”

ದಿನಕ್ಕೆ ಎಷ್ಟು ಸಲ ಈ ಪ್ರಶ್ನೆ ಬರುತ್ತದೆ ಅಂತ ಒಂದು ವಾರ ಸುಮ್ನೆ ಗೀಟು ಹಾಕುತ್ತಾ ಹೋಗಿ. ಹಿಟ್ಟು ಖಾಲಿ ಆಗ್ಯಾದ, ಏನ್ ಮಾಡ್ಲಿ? ರೊಟ್ಟಿ ಮುರದಾವ, ಏನ್ ಮಾಡ್ಲಿ? ಆಟೋದವ ಇಪ್ಪತ್ ರೂಪಾಯಿ ಜಾಸ್ತಿ ಕೇಳ್ಲಾಕತ್ಯಾನ, ಏನ್ ಮಾಡ್ಲಿ? ಒಂದೊಂದೂ ಸಣ್ಣದು. ಆದರೆ ಪ್ರತಿ ಸಲ ಕೈಯಲ್ಲಿದ್ದ ಕೆಲಸ ಬಿಟ್ಟು ಅದರತ್ತ ತಿರುಗಬೇಕು. ದಿನದ ಕೊನೆಗೆ ದೊಡ್ಡ ನಿರ್ಧಾರಕ್ಕೆ ತಲೆ ಉಳಿದಿರುವುದಿಲ್ಲ.

ಬಂದ ಪ್ರಶ್ನೆಗಳನ್ನು ಮೂರು ಗುಂಪು ಮಾಡಬಹುದು. ಕೆಲವನ್ನು ನನಗೆ ಕೇಳುವುದೇ ಬೇಡ, ನೀವೇ ಮಾಡಿ. ಕೆಲವನ್ನು ಮಾಡಿ ಮುಗಿಸಿ, ಸಂಜೆ ನನಗೊಂದು ಮಾತು ತಿಳಿಸಿ. ಕೆಲವನ್ನು ಮಾತ್ರ ಕೇಳಿಯೇ ಮಾಡಿ. ಗುಂಪು ಮಾಡಲು ಎರಡು ಗುರುತು ಸಾಕು: ತಪ್ಪಾದರೆ ಎಷ್ಟು ರೊಕ್ಕ ಹೋಗುತ್ತದೆ? ಹೋದದ್ದನ್ನು ಸರಿಮಾಡಲು ಬರುತ್ತದೆಯೇ? ಮುರಿದ ರೊಟ್ಟಿಯ ಪ್ಯಾಕೆಟ್ ಬದಲಿಸಿ ಕೊಡುವುದು ಮೊದಲನೇ ಗುಂಪಿನದು. ಆಟೋ ಬಾಡಿಗೆ, ಒಂದು ಮೊತ್ತದವರೆಗಿನ ಸಣ್ಣ ಖರೀದಿ ಎರಡನೆಯದು. ಹೊಸ ಅಂಗಡಿಗೆ ಉದ್ರಿ ಕೊಡುವುದು, ಕೆಲಸಕ್ಕೆ ಹೊಸಬರನ್ನು ಸೇರಿಸುವುದು, ಸಾಲ ಮಾಡಿ ಯಂತ್ರ ತರುವುದು ಮೂರನೆಯದು. ಆ ಮೊತ್ತ ಎಷ್ಟು ಅಂತ ಬಾಯಿಮಾತಿನಲ್ಲಿ ಬಿಡಬೇಡಿ, ಬರೆದಿಡಿ.

ಇಷ್ಟು ಮಾಡಿದರೂ ಮೊದಲ ಕೆಲವು ವಾರ ಜನ ಕೇಳುತ್ತಲೇ ಇರುತ್ತಾರೆ. ಅವರಿಗೆ ತಿಳಿದಿಲ್ಲ ಅಂತಲ್ಲ. ಹಿಂದೆ ಕೇಳದೆ ಮಾಡಿ ಬೈಸಿಕೊಂಡ ನೆನಪು ಇರುತ್ತದೆ. ಆಗ ಉತ್ತರ ಕೊಡುವ ಬದಲು “ನೀವಾದ್ರ ಏನ್ ಮಾಡ್ತೀರಿ ಹೇಳ್ರಿ” ಅಂತ ತಿರುಗಿ ಕೇಳಿ. ಅವರು ಹೇಳಿದ್ದು ನಿಮ್ಮ ಯೋಚನೆಗಿಂತ ಸ್ವಲ್ಪ ಹಿಂದಿದ್ದರೂ ಆಗಲಿ ಅನ್ನಿ. ಒಮ್ಮೆ ಬಿಟ್ಟುಕೊಟ್ಟ ನಿರ್ಧಾರವನ್ನು ಎಲ್ಲರ ಮುಂದೆ ವಾಪಸ್ ಕಿತ್ತುಕೊಂಡರೆ ಪ್ರಶ್ನೆಗಳೆಲ್ಲ ಮರುದಿನವೇ ನಿಮ್ಮ ಹತ್ತಿರ ಬಂದು ನಿಲ್ಲುತ್ತವೆ.

ಮೇಲಿನ ಕಡೆಗೂ ಇದೇ ಪಟ್ಟಿ ಬೇಕು. ಅಪ್ಪ ಮತ್ತು ಮಗ ಒಂದು ಸಲ ಕೂತು, ಖರೀದಿ ಯಾರದ್ದು, ಬ್ಯಾಂಕ್ ಯಾರದ್ದು, ಮುನೀಮ ಯಾರ ಮಾತು ಕೇಳಬೇಕು ಅಂತ ತೀರ್ಮಾನಿಸದಿದ್ದರೆ ಮಗನ ಟೆನ್ಶನ್ ಯಾವ ಯೋಗದಿಂದಲೂ ಇಳಿಯುವುದಿಲ್ಲ. ಇದು ಕಷ್ಟದ ಮಾತು. ಮನೆಯಲ್ಲಿ ಆಗದಿದ್ದರೆ ಇಬ್ಬರೂ ನಂಬುವ ಒಬ್ಬ ಲೆಕ್ಕಪರಿಶೋಧಕರ ಮುಂದೆ ಕೂರಬಹುದು. ಮೂರನೆಯವರಿದ್ದಾಗ ದನಿ ತಾನಾಗಿಯೇ ತಗ್ಗುತ್ತದೆ.

ರಾತ್ರಿ ಎರಡು ಗಂಟೆಯ ಎಚ್ಚರ

ಮುಗಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸ ಜಾಸ್ತಿ ನೆನಪಿರುತ್ತದೆ ಅಂತ ಬ್ಲೂಮಾ ಝೈಗಾರ್ನಿಕ್ ಅನ್ನೋ ಮನೋವಿಜ್ಞಾನಿ 1927ರಲ್ಲಿ ಬರೆದರು. ಆಮೇಲಿನ ಪ್ರಯೋಗಗಳಲ್ಲಿ ಈ ಫಲಿತಾಂಶ ಎಲ್ಲ ಕಡೆ ಒಂದೇ ಥರ ಬರಲಿಲ್ಲ. ಆದರೆ 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನಮಗೆ ಉಪಯೋಗದ್ದು. ಬಾಕಿ ಕೆಲಸವನ್ನು ಯಾವಾಗ, ಹೇಗೆ ಮಾಡುವುದು ಅಂತ ಗಟ್ಟಿಯಾಗಿ ಯೋಜಿಸಿದರೆ ಸಾಕು, ಕೆಲಸ ಮುಗಿಯದಿದ್ದರೂ ಅದು ತಲೆಯಲ್ಲಿ ಕೊರೆಯುವುದು ಕಡಿಮೆಯಾಗಿತ್ತು.

ಹಾಗಾಗಿ ಮಲಗುವ ಮೊದಲು ಬಾಕಿಯ ಪಟ್ಟಿ ಮಾತ್ರ ಮಾಡಿದರೆ ಅರ್ಧ ಕೆಲಸ. ‘ಅಂಗಡಿಯಿಂದ ರೊಕ್ಕ ಬರಬೇಕು’ ಅಂತ ಬರೆದರೆ ತಲೆ ಸುಮ್ಮನಾಗುವುದಿಲ್ಲ. ‘ಬುಧವಾರ ಹನ್ನೊಂದಕ್ಕೆ ಬಿಲ್ಲು ಹಿಡಿದು ಹೋಗುವುದು, ಕೊಡದಿದ್ದರೆ ಮುಂದಿನ ಮಾಲು ನಿಲ್ಲಿಸುವುದು’ ಅಂತ ಬರೆದರೆ ಸುಮ್ಮನಾಗುತ್ತದೆ.

ಉದ್ರಿಯ ವಿಷಯದಲ್ಲಿ ಒಂದು ಕಾನೂನು ಗೊತ್ತಿರಲಿ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ, ನೋಂದಾಯಿತ ಸಣ್ಣ ಉದ್ಯಮದಿಂದ ಮಾಲು ಕೊಂಡವರು ಲಿಖಿತ ಒಪ್ಪಂದ ಇದ್ದರೂ 45 ದಿನದೊಳಗೆ ಹಣ ಕೊಡಬೇಕು. ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ಬಡ್ಡಿ. ಇದಕ್ಕೆ ‘ಉದ್ಯಮ್’ ಅನ್ನೋ ಸಣ್ಣ ಉದ್ಯಮಗಳ ಸರಕಾರಿ ನೋಂದಣಿ ಇರಬೇಕು. ಅದು ಆನ್‌ಲೈನಿನಲ್ಲಿ ಉಚಿತ.

ಮಳೆ, ಮಾರುಕಟ್ಟೆ ಕೈಯಲ್ಲಿಲ್ಲ

ತೊಗರಿ ಡಿಸೆಂಬರ್, ಜನವರಿಯಲ್ಲಿ ಗಂಜಿಗೆ ಬರುತ್ತದೆ. ಈಗಲೇ ಕೊಳ್ಳುವುದೋ, ದರ ಇಳಿಯಲು ಕಾಯುವುದೋ? ಒಣ ಹಾಕಿದ ಕಾಳಿನ ಮೇಲೆ ಅಕಾಲದ ಮಳೆ ಬಿದ್ದರೆ? ಹೊರಗಿನ ದೇಶದಿಂದ ತೊಗರಿ ಬಂದು ದರ ಬಿದ್ದರೆ? ಇವುಗಳ ಮೇಲೆ ಯಾರಿಗೂ ಹಿಡಿತ ಇಲ್ಲ. ಎಷ್ಟು ಕೊಳ್ಳುವುದು, ಒಂದೇ ದಿನ ಕೊಳ್ಳುವುದೋ ನಾಲ್ಕು ಕಂತಿನಲ್ಲೋ, ತಾಡಪತ್ರಿ ಎಷ್ಟು ಹೊತ್ತಿನಲ್ಲಿ ಹೊದಿಸಬಲ್ಲೆವು ಅನ್ನುವುದು ಮಾತ್ರ ನಮ್ಮದು. ನಿರ್ಧಾರ ಮಾಡಿದ ದಿನ ಅದರ ಕಾರಣವನ್ನು ಎರಡು ಸಾಲು ಬರೆದಿಟ್ಟುಕೊಂಡರೆ ಆಮೇಲೆ ತುಂಬ ಅನುಕೂಲ. ದರ ಬಿದ್ದಾಗ “ನನಗೆ ಬುದ್ಧಿ ಇಲ್ಲ” ಅನಿಸುತ್ತದೆ. ಬರೆದದ್ದನ್ನು ಓದಿದರೆ ಆವತ್ತು ಗೊತ್ತಿದ್ದಷ್ಟರಲ್ಲಿ ಅದು ಸರಿಯಾಗಿತ್ತೋ ಇಲ್ಲವೋ ತಿಳಿಯುತ್ತದೆ.

ಚಹಾ, ನಿದ್ದೆ, ಉಸಿರು

ಕುಡಿದ ಚಹಾದ ಕೆಫೀನಿನಲ್ಲಿ ಅರ್ಧ ಮೈಯಿಂದ ಹೋಗಲು ಸುಮಾರು ಐದು ತಾಸು ಬೇಕು. ಬಂದವರಿಗೆಲ್ಲ ಚಹಾ ಹೇಳಿ ಜೊತೆಗೆ ತಾನೂ ಕುಡಿಯುವ ಗಾದಿಯ ಮನುಷ್ಯನಿಗೆ ರಾತ್ರಿ ಹನ್ನೊಂದಕ್ಕೆ ನಿದ್ದೆ ಬರದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ದೊಡ್ಡವರಿಗೆ ಏಳು ತಾಸಾದರೂ ನಿದ್ದೆ ಬೇಕು. ಎದೆ ಹೊಡೆದುಕೊಳ್ಳುವಾಗ ಉಸಿರನ್ನು ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ, ಉದ್ದವಾಗಿ ಹೊರಗೆ ಬಿಡಿ. ಉಸಿರು ಬಿಡುವಾಗ ಹೃದಯದ ಬಡಿತ ಸ್ವಲ್ಪ ತಗ್ಗುತ್ತದೆ. ಐದು ನಿಮಿಷ ಮಾಡಿದರೆ ಮೈಗೆ ಗೊತ್ತಾಗುತ್ತದೆ. ಇವೆಲ್ಲ ಸಹಾಯಕ್ಕೆ ಬರುತ್ತವೆ. ಯಾರು ಏನು ನಿರ್ಧರಿಸಬೇಕು ಅನ್ನೋ ಗೊಂದಲವನ್ನು ಮಾತ್ರ ಇವು ಬಿಡಿಸುವುದಿಲ್ಲ.

ಯಾವಾಗ ವೈದ್ಯರ ಹತ್ತಿರ ಹೋಗಬೇಕು?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ‘ಬರ್ನ್‌ಔಟ್’ಗೆ ಒಂದು ವಿವರಣೆ ಕೊಟ್ಟಿತು. ಅದನ್ನು ಕಾಯಿಲೆ ಅನ್ನಲಿಲ್ಲ, ಕೆಲಸದಿಂದ ಬರುವ ಸ್ಥಿತಿ ಅಂದಿತು. ಅದಕ್ಕೆ ಮೂರು ಲಕ್ಷಣ: ಶಕ್ತಿಯೇ ಇಲ್ಲದ ಸುಸ್ತು, ಕೆಲಸದ ಮೇಲೆ ಬೇಸರ ಅಥವಾ ತಾತ್ಸಾರ, ಏನು ಮಾಡಿದರೂ ಸಾರ್ಥಕ ಅನಿಸದಿರುವುದು. ಎರಡು ವಾರ ದಾಟಿದರೂ ನಿದ್ದೆ ಸರಿಹೋಗದಿದ್ದರೆ, ಹಿಂದೆ ಖುಷಿ ಕೊಡುತ್ತಿದ್ದ ಯಾವುದೂ ಬೇಡವಾದರೆ, ಸಂಜೆಯ ಕುಡಿತ ಹೆಚ್ಚಾದರೆ ವೈದ್ಯರನ್ನು ಕಾಣಬೇಕು. ಎದೆನೋವು ಬಂದರೆ ಟೆನ್ಶನ್ ಇರಬಹುದು ಅಂತ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಬದುಕೇ ಬೇಡ ಅನಿಸಿದರೆ ಒಂದು ದಿನವೂ ಕಾಯಬಾರದು.

14416 ಟೆಲಿ ಮಾನಸ್ ಸಹಾಯವಾಣಿ. ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಶುರು ಮಾಡಿದ್ದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಊರವರು ನೋಡಿಯಾರು ಅಂತ ಹಿಂಜರಿಯುವವರಿಗೆ ಫೋನ್ ಅನುಕೂಲ. ಎದುರು ಕೂತು ಮಾತಾಡಬೇಕು ಅನಿಸಿದರೆ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇರುತ್ತದೆ.

ಗಾದಿ ಬಿಟ್ಟುಕೊಡಬಹುದೇ?

ಬಿಟ್ಟುಕೊಡಬಹುದು. ಯಾರೂ ಬಾಯಿಬಿಟ್ಟು ಹೇಳದ ದಾರಿ ಇದು. ವ್ಯವಹಾರ ಕಟ್ಟಿದವರೇ ಅದನ್ನು ದಿನಾ ನಡೆಸಬೇಕು ಅಂತ ನಿಯಮವೇನೂ ಇಲ್ಲ. ರೊಟ್ಟಿಯ ಗುಣಮಟ್ಟ ನೋಡುವುದು ಒಬ್ಬರು, ಜನ ಮತ್ತು ಲೆಕ್ಕ ನೋಡುವುದು ಇನ್ನೊಬ್ಬರು ಅಂತ ಕೆಲಸ ಒಡೆಯಬಹುದು. ಸಂಘವಾದರೆ ಮುಂದಾಳುತನವನ್ನು ಸರದಿಯ ಮೇಲೆ ಇಡಬಹುದು. ಸರದಿ ವರ್ಷಕ್ಕಿಂತ ಕಡಿಮೆ ಇದ್ದರೆ ಕಲಿಯುವಷ್ಟರಲ್ಲಿ ಮುಗಿದಿರುತ್ತದೆ ಅನ್ನುವುದು ಗಮನದಲ್ಲಿರಲಿ. ಸಂಬಳಕ್ಕೆ ಮ್ಯಾನೇಜರ್ ಇಡುವುದಾದರೆ ಮೊದಲ ತಿಂಗಳುಗಳಲ್ಲಿ ಟೆನ್ಶನ್ ಇಳಿಯದು, ಏರುತ್ತದೆ, ಯಾಕೆಂದರೆ ಕಲಿಸುವ ಕೆಲಸವೂ ಸೇರಿಕೊಳ್ಳುತ್ತದೆ.

ಆರ್ಡರ್ ಬೇಡ ಅನ್ನುವುದೂ ಒಂದು ನಿರ್ಧಾರವೇ. ಅದಕ್ಕೆ ಮೊದಲು ಲೆಕ್ಕ ಹಾಕಬೇಕು. ಹೊಸ ಆರ್ಡರಿನಿಂದ ಕೈಗೆ ಉಳಿಯುವುದೆಷ್ಟು? ಅದಕ್ಕಾಗಿ ಎಷ್ಟು ಜನ ಹೆಚ್ಚಬೇಕು? ಹತ್ತರ ಅಥವಾ ಇಪ್ಪತ್ತರ ಮೆಟ್ಟಿಲು ದಾಟಬೇಕಾಗುತ್ತದೆಯೇ? ದಾಟುವುದು ತಪ್ಪೇನಲ್ಲ. ಇಎಸ್‌ಐ ಇದ್ದರೆ ಕೆಲಸದವರಿಗೆ ಕಲಬುರಗಿಯಲ್ಲೇ ದೊಡ್ಡ ಆಸ್ಪತ್ರೆ ಸಿಗುತ್ತದೆ. ಆದರೆ ಆ ಖರ್ಚನ್ನೂ ರೇಟಿನಲ್ಲಿ ಸೇರಿಸದೆ ಒಪ್ಪಿಕೊಂಡರೆ ಉಳಿಯುವುದು ಬರೀ ಓಡಾಟ. ಈ ಲೆಕ್ಕವನ್ನು ಮದುವೆ ಸೀಸನ್ನಿನ ನಡುವೆ ಹಾಕಲು ಆಗುವುದಿಲ್ಲ. ಕೆಲಸ ತಣ್ಣಗಿರುವ ತಿಂಗಳಲ್ಲಿ, ಹಿಂದಿನ ವರ್ಷದ ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡು, ಜೊತೆಗೆ ದುಡಿಯುವ ಒಬ್ಬಿಬ್ಬರನ್ನೂ ಕೂರಿಸಿಕೊಂಡು ಹಾಕಿ.